ಮೈಕ್ರೋವೇವಿನಲ್ಲಿ ಮೆಣಸಿನಕಾಯಿ

ಸುಘೋಷನ ಹೊಟ್ಟೆನೋವು ಇನ್ನೊಂದೇ ಒಂದು ದಿನ ತಡೆದಿದ್ದರೆ ರಘೋತ್ತಮನ ಬದುಕು ನೆಟ್ಟಗಾಗುತ್ತಿತ್ತು. ಆದರೆ ಹೊಟ್ಟೆನೋವಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಬೇಸಿಗೆ ಗಣಿತ ಕ್ಯಾಂಪಿನ ಕೊನೆಯ ದಿನ, ಫೈನಲ್ ಸ್ಪರ್ಧೆಗೆ ಸ್ವಲ್ಪ ಮುಂಚೆ, ಸರಿಯಾಗಿ ಬಂದು ವಕ್ಕರಿಸಿತು.

ರಘೋತ್ತಮ ಅಮೆರಿಕದ ಫ್ರೀಮಾಂಟಿನ ಆ ಕ್ಯಾಂಪಿನಲ್ಲಿ ಕೌನ್ಸೆಲರು. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಮಕ್ಕಳನ್ನು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಸಾಲಾಗಿ ನಡೆಸಬೇಕು, ಕಳೆದ ನೀರಿನ ಬಾಟಲಿ ಹುಡುಕಿಕೊಡಬೇಕು, ಅತ್ತರೆ ಸಮಾಧಾನ ಮಾಡಬೇಕು. ಮಿಕ್ಕ ಕೌನ್ಸೆಲರುಗಳೆಲ್ಲ ಕಾಲೇಜು ಹುಡುಗ ಹುಡುಗಿಯರು. ಇವನೊಬ್ಬ ಐವತ್ತರ ಹತ್ತಿರದವನು. ಚಿಪ್ ಡಿಸೈನ್ ಮಾಡುತ್ತಿದ್ದ ಕೆಲಸ ಹೋದ ವರ್ಷ ಲೇಆಫಿನಲ್ಲಿ ಹೋಯಿತು. ಜೊತೆಗೆ ಕಂಪನಿ ಕೊಟ್ಟಿದ್ದ ಹೆಲ್ತ್ ಇನ್ಶೂರೆನ್ಸೂ ಹೋಗಿ, ಹೆಂಡತಿ ಪದ್ಮಜಾಳ ಮೊಣಕಾಲಿನ ಆಪರೇಷನ್ನು ನಿಂತುಬಿಟ್ಟಿತು. ಅವಳು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತಾ "ರಾಘವೇಂದ್ರಾ" ಎಂದು ನರಳುವುದನ್ನು ಕೇಳಿದಾಗಲೆಲ್ಲ ಇವನು ಇನ್ನೊಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ.

"ಕ್ಯಾಂಪು ಮುಗಿಯುವವರೆಗೆ ನಿನ್ನ ಮೇಲೆ ಒಂದು ದೂರೂ ಬರದಿದ್ದರೆ ವರ್ಷಪೂರ್ತಿ ಕೆಲಸ, ಇನ್ಶೂರೆನ್ಸ್ ಸಮೇತ" ಎಂದು ಡೈರೆಕ್ಟರ್ ಬಾರ್ಬರಾ ಮಾತು ಕೊಟ್ಟಿದ್ದಳು. ಅಂದಿನಿಂದ ರಘೋತ್ತಮ ಮಕ್ಕಳ ಮುಂದೆ ಜೋರಾಗಿ ಸೀನಿದವನಲ್ಲ.

"ಅಂಕಲ್, ಮೈ ಟಮ್ಮಿ ಹರ್ಟ್ಸ್" ಎಂದು ಸುಘೋಷ ಬೆಂಚಿನ ಮೇಲೆ ಮುದುರಿದ. ಹತ್ತು ವರ್ಷದ ಹುಡುಗ, ಕ್ಯಾಂಪಿಗೇ ಮೊದಲಿಗ.

"ಕನ್ನಡದಲ್ಲಿ ಹೇಳೋ ರಾಜಾ. ಹೊಟ್ಟೆ ನೋಯ್ತಿದೆ ಅಂತ."

"ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್, ಅಂಕಲ್. ಐ ಜಸ್ಟ್ ಡೋಂಟ್ ಸ್ಪೀಕ್."

ರಘೋತ್ತಮ ಹುಡುಗನ ತಾಯಿ ಹರ್ಷಿತಾಗೆ ಫೋನು ಮಾಡಿದ. "ಅಯ್ಯೋ, ನಾನು ದೂರ ಎಮರಿವಿಲ್ ಆಫೀಸಲ್ಲಿದೀನಿ ರಘು ಅವ್ರೇ, ಮೀಟಿಂಗ್ ಇದೆ. ದಯವಿಟ್ಟು ಅವನನ್ನ ಮನೆಗೆ ಮಾತ್ರ ಕಳಿಸ್ಬೇಡಿ. ಸಮ್ಮರ್ ಪೂರ್ತಿ ಪ್ರಿಪೇರ್ ಆಗಿದಾನೆ. ಫೈನಲ್ ಮಿಸ್ ಆದ್ರೆ ನಾನು ಕಂಪ್ಲೇಂಟ್ ಮಾಡ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡಿ. ಅತ್ತೆ ಮನೇಲೇ ಇದಾರೆ, ಪಕ್ಕದ ಬೀದಿ. ಕಳಿಸ್ತೀನಿ."

ಅತ್ತೆ ಮರಿತಾಯಮ್ಮ ಬಂದೇಬಿಟ್ಟರು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸೊಸೆಯ ಹಳೇ ಸ್ನೀಕರ್ಸು. ಮಂಡ್ಯ ಬಿಟ್ಟು ಮೂರು ತಿಂಗಳಾಗಿದ್ದರೂ ಮಂಡ್ಯ ಅವರನ್ನು ಬಿಟ್ಟಿರಲಿಲ್ಲ. ಮೊಮ್ಮಗನ ಹಣೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ಕಣ್ ಬಿದ್ದದೆ ಕಣಪ್ಪ" ಎಂದು ತೀರ್ಪು ಕೊಟ್ಟರು. "ನೆನ್ನೆ ಮಗ ಫಸ್ಟ್ ಬಂದ ಅಂತ ಎಲ್ರೂ ಚಪ್ಪಾಳೆ ಹೊಡುದ್ರಂತೆ. ಇನ್ನೇನಾದದು? ಒಲೆ ಎಲ್ಲದೆ?"

ಸೆರಗಿನ ಗಂಟಿನಿಂದ ಒಣಮೆಣಸಿನಕಾಯಿಯೂ ಕಲ್ಲುಪ್ಪೂ ಹೊರಬಂದವು.

"ಒಲೆ ಇಲ್ಲ ಅಜ್ಜಿ, ಇಲ್ಲೆಲ್ಲ ಇದನ್ನ ಮಾಡೋ ಹಾಗಿಲ್ಲ..."

"ಬೆಂಕಿ ಇಲ್ದೆ ನೀವು ಟೀ ಎಂಗ್ ಕಾಯಿಸ್ಕೊಂಡೀರಿ?"

ರಘೋತ್ತಮ ಯೋಚಿಸಿದ. ಹುಡುಗನನ್ನು ಮನೆಗೆ ಕಳಿಸಿದರೆ ತಾಯಿಯ ದೂರು. ಬಾರ್ಬರಾಗೆ ಹೇಳಿದರೆ ಅವಳೇ ಮನೆಗೆ ಕಳಿಸುತ್ತಾಳೆ, ಆಗಲೂ ತಾಯಿಯ ದೂರು. ಈ ಮುದುಕಿ ಹೇಳಿದಂತೆ ಮಾಡಿದರೆ ಹುಡುಗ ಎದ್ದು ಕೂತರೂ ಕೂರಬಹುದು. ಪದ್ಮಜಾಳ ಮೊಣಕಾಲು ಕಣ್ಣಮುಂದೆ ಬಂತು. ಇಪ್ಪತ್ತು ವರ್ಷ ಚಿಪ್ ಡಿಸೈನ್ ಮಾಡಿದ ತಲೆ ಆ ಗಳಿಗೆಯಲ್ಲಿ ಯಾಕೋ ಕೈಕೊಟ್ಟಿತು.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಅಜ್ಜಿ ಮೊಮ್ಮಗನನ್ನು ನಿಲ್ಲಿಸಿ, "ನಾಯಿ ಕಣ್ಣು, ನರಿ ಕಣ್ಣು, ಕ್ಯಾಂಪ್‌ನೋರ್ ಕಣ್ಣು" ಎಂದು ಮೂರು ಸಲ ನಿವಾಳಿಸಿ, ಮೆಣಸಿನಕಾಯಿ ಉಪ್ಪನ್ನು ರಘೋತ್ತಮನ ಬೊಗಸೆಗೆ ಸುರಿದರು. "ಘಾಟ್ ಬರ್ನಿಲ್ಲ ಅಂದ್ರೆ ಕಣ್ ಬಿದ್ದಿತ್ತು ಅಂತ ಲೆಕ್ಕ. ನೋಡ್ತಿರು, ಒಂಚೂರೂ ಬರಕಿಲ್ಲ."

ರಘೋತ್ತಮ ಅವನ್ನು ಪೇಪರ್ ಪ್ಲೇಟಿನಲ್ಲಿ ಇಟ್ಟು ಮೈಕ್ರೋವೇವಿನ ಬಾಗಿಲು ಮುಚ್ಚಿ ಗುಂಡಿ ಒತ್ತಿದ.

ಘಾಟು ಅಂದರೆ ಅದೆಂಥ ಘಾಟು! ಮೊದಲು ಅಜ್ಜಿ ಕೆಮ್ಮಿದರು, ಆಮೇಲೆ ಹುಡುಗ, ಆಮೇಲೆ ಕಾರಿಡಾರು ಪೂರ್ತಿ. ಹೊಗೆ ಸೂರಿಗೆ ಮುಟ್ಟಿದ್ದೇ ತಡ, ಅಲಾರಮ್ಮು ಕಿರುಚಿಕೊಂಡಿತು.

"ಕಣ್ ಬಿದ್ದೇ ಇರ್ನಿಲ್ಲ ಕಣಪ್ಪ" ಎಂದರು ಮರಿತಾಯಮ್ಮ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು.

ಕಾಲೇಜು ಹುಡುಗರು ಫೋನಿನಲ್ಲಿ ವಿಡಿಯೋ ತೆಗೆಯುತ್ತಾ ನಿಂತರು. ರಘೋತ್ತಮ ಮಾತ್ರ, ತಪ್ಪಿತಸ್ಥನ ಚುರುಕು ಬೇರೆಯೇ ನೋಡಿ, ಕ್ಲಾಸಿನಿಂದ ಕ್ಲಾಸಿಗೆ ಓಡಿ, ಮಕ್ಕಳನ್ನೆಲ್ಲ ಸಾಲು ಮಾಡಿ ಹುಲ್ಲುಹಾಸಿಗೆ ತಂದು ತಲೆ ಎಣಿಸಿದ. ಫೈರ್ ಇಂಜಿನ್ನು ಬಂತು. ಬಾರ್ಬರಾ ಸ್ಪರ್ಧೆ ರದ್ದು ಎಂದು ಸಾರಿದಳು. ಅದು ಕಿವಿಗೆ ಬಿದ್ದ ತಕ್ಷಣ ಸುಘೋಷ ಕುಪ್ಪಳಿಸಿಕೊಂಡು ಇಂಜಿನ್ನು ನೋಡಲು ಓಡಿದ. ಎಂಥ ಹೊಟ್ಟೆನೋವು, ಎಲ್ಲಿಯ ಹೊಟ್ಟೆನೋವು! ರಘೋತ್ತಮನಿಗೆ ಅಳು ಬಂತು.

ಒಳಗೆ ಹೋಗಿ ಮೈಕ್ರೋವೇವಿನಲ್ಲಿದ್ದ ಕರಕಲು ನೋಡಿಬಂದ ಫೈರ್ ಕ್ಯಾಪ್ಟನ್ನು, "ಯಾರದೋ ಪಾಪ್‌ಕಾರ್ನ್ ಸೀದಿದೆ, ಅಷ್ಟೆ. ಇಷ್ಟು ಅಚ್ಚುಕಟ್ಟಾಗಿ ಮಕ್ಕಳನ್ನು ಹೊರಗೆ ತಂದವರು ಯಾರು?" ಎಂದ. ಎಲ್ಲರೂ ರಘೋತ್ತಮನ ಕಡೆ ಕೈ ತೋರಿಸಿದರು. ಹುಲ್ಲುಹಾಸಿನ ತುಂಬ ಚಪ್ಪಾಳೆ.

ಬಾರ್ಬರಾ ಅವನ ಮುಂದೆ ನಿಂತು, ಎರಡೂ ಕೈ ಆಡಿಸುತ್ತಾ, ಕೆಂಪಗಾದ ಮುಖದಲ್ಲಿ ಜೋರಾಗಿ ಹೇಳಿದಳು: "ನಿನ್ನಂಥವನು ಬೇಕು ನನಗೆ! ಸೋಮವಾರದಿಂದಲೇ ಕೆಲಸ ನಿನ್ನದು!"

ಪದ್ಮಜಾ ಕುಂಟದೆ ಮೆಟ್ಟಿಲು ಹತ್ತುವುದು ರಘೋತ್ತಮನ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಮರಿತಾಯಮ್ಮ ನಡುವೆ ನುಗ್ಗಿದರು. ಅವರಿಗೆ ಇಂಗ್ಲಿಷು ಬಾರದು. ಕಂಡದ್ದು ಇಷ್ಟೇ: ಒಬ್ಬ ಬಡಪಾಯಿಗೆ ಒಬ್ಬಳು ಕೆಂಪು ಮೂತಿಯವಳು ಕೈ ಆಡಿಸಿ ಬೈಯುತ್ತಿದ್ದಾಳೆ.

"ಅವನ್ನ ಬೈಬ್ಯಾಡ ಕಣವ್ವ! ಮೆಣಸಿನ್ಕಾಯಿ ನಂದು. ಪಾಪ, ಅವ್ನು ಆ ಪೆಟ್ಗೇಲಿ ಇಟ್ಟು ಗುಂಡಿ ಒತ್ತಿದ, ಅಷ್ಟೇಯ."

"ಅಜ್ಜಿ, ಸುಮ್ನಿರಿ! ಅವ್ರು ಬೈತಿಲ್ಲ!"

"ನೀ ಎದ್ರುಕೋಬ್ಯಾಡ ಸುಮ್ಕಿರು. ಲೋ ಸುಘೋಸ, ಈವಮ್ಮಂಗೆ ಯೇಳ್ಲಾ!"

"ಬೇಡ ಕಣೋ ಪುಟ್ಟಾ..." ಎಂದ ರಘೋತ್ತಮ. ಆದರೆ ಹುಡುಗ ಆಗಲೇ ಶುರುಮಾಡಿದ್ದ. ಮೆಣಸಿನಕಾಯಿ, ಉಪ್ಪು, ನಾಯಿ ಕಣ್ಣು, ನರಿ ಕಣ್ಣು, ಮೈಕ್ರೋವೇವು, ಒತ್ತಿದ ಗುಂಡಿ, ಎಲ್ಲವನ್ನೂ ಸ್ವಚ್ಛ ಇಂಗ್ಲಿಷಿನಲ್ಲಿ ಒಪ್ಪಿಸಿದ. ಬಾರ್ಬರಾಳ ಕೈ ಆಡುವುದು ನಿಂತಿತು. ನಿಜವೇ ಎಂದು ಕೇಳಿದಳು. ರಘೋತ್ತಮ ತಲೆ ತಗ್ಗಿಸಿದ. ಅವಳು ಮೆಲ್ಲಗೆ ಅವನ ಕೊರಳಿನ ಬ್ಯಾಡ್ಜಿಗಾಗಿ ಕೈ ಚಾಚಿದಳು.

"ಡಿಡ್ ಐ ಗೆಟ್ ಇಟ್ ರೈಟ್, ಅಂಕಲ್?"

"ಒಂದಕ್ಷರ ಬಿಡ್ಲಿಲ್ಲ ಕಣಪ್ಪ."

ಮರಿತಾಯಮ್ಮನಿಗೆ ವಿಷಯ ತಿಳಿದಾಗ ಕಣ್ಣಲ್ಲಿ ನೀರು ಬಂತು. ಮಿಕ್ಕ ಮೆಣಸಿನಕಾಯಿಗಳನ್ನು ಅವನ ಜೇಬಿಗೆ ತುರುಕಿದರು. "ಅಷ್ಟು ಜನ ಚಪ್ಪಾಳೆ ಹೊಡುದ್ರಲ್ಲಪ್ಪ, ಕಣ್ಣು ನಿನ್ಗೇ ಬಿತ್ತು. ಮನೇಲಿ ತಗುಸ್ಕೋ."

ಸಂಜೆ ಪದ್ಮಜಾ ಕುಂಟುತ್ತಾ ಬಂದು ಗಂಡನಿಗೆ ನಿವಾಳಿಸಿ, ಮೆಣಸಿನಕಾಯಿಗಳನ್ನು ಒಲೆಗೆ ಹಾಕಿದಳು. ಅವು ಚಟಪಟ ಎಂದು ಕರಿಯಾದವು. ಇಬ್ಬರೂ ಮೂಗು ಅರಳಿಸಿಕೊಂಡು ಕಾದರು. ಒಂದು ಸೀನೂ ಇಲ್ಲ, ಕೆಮ್ಮೂ ಇಲ್ಲ.

"ಆ ಎಕ್ಸಾಸ್ಟ್ ಫ್ಯಾನು ಆಫ್ ಮಾಡಿ ನೋಡೇ" ಎಂದ ರಘೋತ್ತಮ.

"ಆಗ್ಲೇ ಆಫ್ ಮಾಡಿದೀನಿ ಕಣ್ರೀ" ಎಂದಳು ಪದ್ಮಜಾ.