ಬಿಸಿಲಿನ ಚೀಟಿ

ಬಿಸಿಲಿಗೆ ಪ್ರಮಾಣಪತ್ರ ಕೊಡಿಸುವುದು ನನ್ನ ಕೆಲಸ ಎಂದರೆ ಯಾರೂ ನಂಬುವುದಿಲ್ಲ. ನಂಬದವರ ನಡುವೆ ಕೆಲಸ ಮಾಡುವಾಗ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ವಾಡಿ ಹತ್ತಿರದ ಸೋಲಾರ್ ಪ್ಲಾಂಟಿನಲ್ಲಿ ನಾನು ಮೇಲ್ವಿಚಾರಕ. ತಪಾಸಣೆಯಲ್ಲಿ ಪಾಸಾದರೆ ನಮ್ಮ ಕರೆಂಟಿಗೆ ‘ಸ್ವಚ್ಛ’ ಎಂಬ ಪ್ರಮಾಣಪತ್ರ, ನನಗೆ ಖಾಯಂ ನೌಕರಿ. ಇಲ್ಲದಿದ್ದರೆ ಎರಡೂ ಇಲ್ಲ.

ಹಾಲು

ಪ್ಲಾಂಟಿಗೆ ಹೊಲ ಲೀಸಿಗೆ ಕೊಟ್ಟವರು ಒಬ್ಬ ಗೌಡರು. ನಮ್ಮ ಮನೆಗೆ ಹಾಲು ಹಾಕುವವರೂ ಅವರೇ.

“ಆ ಚೀಟಿ ಏನ್ ಮಾಡ್ತೀರಿ?” ಎಂದು ಪ್ರಮಾಣಪತ್ರದ ಬಗ್ಗೆ ಕೇಳಿದರು.

“ಕರೆಂಟು ಒಬ್ಬರಿಗೆ ಮಾರ್ತೀವ್ರಿ. ಅದು ಸ್ವಚ್ಛ ಅನ್ನೋ ಚೀಟಿ ಇನ್ನೊಬ್ಬರಿಗೆ.”

“ಅಂದ್ರ ಹಾಲು ನಿಮಗ ಹಾಕಿ, ‘ನೀರ ಬೆರಸಿಲ್ಲ’ ಅಂಬೋ ಚೀಟಿ ಬ್ಯಾರೆಯವರಿಗೆ ಮಾರಬಹುದು?”

ನಿಯಮ ಹಾಗೇ ಇದೆ ಎಂದೆ. ಮರುದಿನದಿಂದ ನಮ್ಮ ಮನೆಯ ಹಾಲು ತೆಳ್ಳಗಾಯಿತು.

ತೊಳೆಯುವಾಕೆ

ಇಲ್ಲಿ ಗಾಳಿ ಬೀಸಿದರೆ ಧೂಳು ನೇರ ಸೋಲಾರ್ ಫಲಕಗಳ ಮೇಲೆ. ದಿನಾ ತೊಳೆಯಲು ರಾವೂರಿನಿಂದ ಒಬ್ಬ ಅವ್ವ ಬರುತ್ತಾಳೆ.

“ನಾ ತೊಳದ ಕರೆಂಟ ನಮ್ಮನಿಗೆ ಬರ್ತದೇನ್ರಿ?”

“ತಂತ್ಯಾಗ ಎಲ್ಲಾರ ಕರೆಂಟೂ ಕೂಡ್ತದವ್ವ. ಕಲ್ಲಿದ್ದಲಿಂದು ಯಾವುದು, ನಮ್ದು ಯಾವುದು, ಗೊತ್ತಾಗಂಗಿಲ್ಲ.”

ಆಕೆ ಬಕೆಟ್ ಕೆಳಗಿಟ್ಟಳು. “ಹಂಗಾದ್ರ ಬರೇ ನಮ್ದಷ್ಟೇ ಯಾಕ ತೊಳಿಬೇಕು?”

ಚರಗ

ತಪಾಸಣೆ ಬಿದ್ದದ್ದು ಎಳ್ಳಮಾವಾಸ್ಯೆ ದಿನ. ನಮ್ಮ ಕಡೆ ಅವತ್ತು ಹೊಲಕ್ಕೆ ಹೋಗಿ ಭೂತಾಯಿಗೆ ಅಡುಗೆ ಚೆಲ್ಲಬೇಕು, ಅದೇ ಚರಗ. ಗೌಡರ ಹೊಲದ ತುಂಬ ಈಗ ಫಲಕಗಳೇ. ತಪಾಸಣೆ ಸಾಹೇಬರು ಗೇಟು ದಾಟುವಷ್ಟರಲ್ಲಿ ಗೌಡರು “ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕುತ್ತ ಸಜ್ಜೆರೊಟ್ಟಿ, ಸೊಪ್ಪು-ಕಾಳಿನ ಭಜ್ಜಿ ಎಲ್ಲವನ್ನೂ ಫಲಕಗಳ ಮೇಲೆ ಚೆಲ್ಲಿಬಿಟ್ಟಿದ್ದರು.

ಸಾಹೇಬರು ಪೆನ್ನು ತೆಗೆದರು. “ಇಲ್ಲಿ ಬಿಸಿಲು ಬಿಟ್ಟು ಬೇರೆ ಇಂಧನ ಏನಾದರೂ ಬಳಸ್ತೀರಾ?”

ನಾನು ಬಾಯಿ ತೆರೆಯುವ ಮೊದಲೇ ಗೌಡರು ಮುಂದೆ ಬಂದರು. “ಬರೇ ಬಿಸಲಿಗೆ ಎಲ್ಲ್ಯಾದ್ರೂ ಬೆಳಿ ಬರ್ತದೇನ್ರಿ ಸಾಹೇಬ್ರ? ವರ್ಷಾ ಚರಗ ಚೆಲ್ತೀವಿ. ಅದಕ್ಕ ಇಷ್ಟು ಕರೆಂಟ ಬರಾಕತ್ತದ.”

ಸಾಹೇಬರು ಫಲಕದ ಮೇಲಿನ ಭಜ್ಜಿಯನ್ನು ಮುಟ್ಟಿ ನೋಡಿದರು. “ಹಾಗಾದರೆ ಇದು ಸೋಲಾರ್ ಅಲ್ಲ, ಬಯೋಮಾಸ್, ಅಂದರೆ ಜೈವಿಕ ಇಂಧನ. ಬೇರೆ ಅರ್ಜಿ ಹಾಕಿ.”

ನನ್ನ ನೌಕರಿ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

“ಅರ್ಜಿ ಇರ್ಲಿ, ಮೊದಲ ಊಟಕ್ಕ ಕುಂದ್ರಿ,” ಎಂದರು ಗೌಡರು.

ಊಟವಾದ ಮೇಲೆ ಸಾಹೇಬರು ‘ಬೇರೆ ಇಂಧನ ಇಲ್ಲ’ ಎಂದು ಬರೆದು, ಆ ಇಂಧನವನ್ನೇ ಡಬ್ಬಿಗೆ ಹಾಕಿಸಿಕೊಂಡು ಹೋದರು.

ಪ್ರಮಾಣಪತ್ರ ಬಂತು, ನೌಕರಿಯೂ ಖಾಯಂ ಆಯಿತು. ಖುಷಿಯಿಂದ ಗೌಡರಿಗೆ ಓದಿ ಹೇಳಿದೆ: “ವಿದ್ಯುತ್ತಿನ ಮೂಲ, ಸೂರ್ಯ.”

ಗೌಡರಿಗೆ ಭಾಳ ಸಿಟ್ಟು ಬಂತು. “ಅಡಗಿ ಮಾಡಿದಾಕಿ ನಮ್ಮಾಕಿ, ಹೆಸರ ಬರೇ ಸೂರ್ಯಂದೇನು?”