ಗೇಣು ಮೇಲಿನ ಉಸಿರು

ಶಿವರುದ್ರಮ್ಮ: ಅದೇನ್ರೀ ಅದು, ಒಲೆ ಊದ್ತಿದೀರಾ? ಅಷ್ಟು ಮೇಲಿಂದ ಊದಿದ್ರೆ ಗೊಂಬೆ ಮುಖದ ಧೂಳು ಹೋಗುತ್ತೆ, ಅಷ್ಟೇ.

ಪರಮಶಿವಯ್ಯ: ಸುಮ್ನಿರೇ. ಕುಣಿಗಲ್ ಶಿಬಿರದಲ್ಲಿ ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ತಗೊಂಡು ಬಂದೋನು ನಾನೋ, ನೀನೋ?

ಮರಳೂರಿನ ಮನೆಯ ಹಾಲಿನಲ್ಲಿ, ಚಾಪೆಯ ಮೇಲೆ, ಶಿಬಿರದಿಂದ ಎರವಲು ತಂದ ರಬ್ಬರ್ ಗೊಂಬೆ ಅಂಗಾತ ಮಲಗಿತ್ತು. ನಿವೃತ್ತ ಶಿರಸ್ತೇದಾರ್ ಪರಮಶಿವಯ್ಯನವರು ಅದರ ಮುಖದಿಂದ ಗೇಣು ಮೇಲೆ ಕೆನ್ನೆ ಉಬ್ಬಿಸಿಕೊಂಡು ಬಾಗಿದ್ದರು. ಪ್ರಜ್ಞೆ ತಪ್ಪಿ ಉಸಿರು ನಿಂತವರಿಗೆ ಬಾಯಿಂದ ಉಸಿರು ಕೊಡುವುದು ಹೇಗೆಂದು ಸಂಜೆ ಐದಕ್ಕೆ ಬಡಾವಣೆಯ ಪಾರ್ಕಿನಲ್ಲಿ ಅವರೇ ತೋರಿಸಬೇಕು. ಕರಪತ್ರದಲ್ಲಿ ಅವರ ಫೋಟೋ ಕೂಡ ಅಚ್ಚಾಗಿದೆ. ಗೊಂಬೆಯ ಎದೆ ಮಾತ್ರ ಮೇಲೇಳುತ್ತಿಲ್ಲ.

ಶಿವರುದ್ರಮ್ಮ: ಶಿಬಿರದಲ್ಲಿ ಎದ್ದಿತ್ತಾ?

ಪರಮಶಿವಯ್ಯ: ಅಲ್ಲಿ ನಾನು... ಬೇರೆಯವರಿಗೆ ಮಾರ್ಗದರ್ಶನ ಮಾಡ್ತಿದ್ದೆ.

ಶಿವರುದ್ರಮ್ಮ: ಅಂದ್ರೆ ಬಾಯಿ ಇಡಲೇ ಇಲ್ಲ.

ಪರಮಶಿವಯ್ಯ: ನಲವತ್ತು ಜನ ಬಾಯಿಟ್ಟ ಗೊಂಬೆ ಕಣೇ! ಒರೆಸಿ ಕೊಡ್ತಾರೆ, ಇಲ್ಲ ಅನ್ನಲ್ಲ. ಆದ್ರೂ ಎಂಜಲು ಎಂಜಲೇ. ನೀರನ್ನೇ ಎತ್ತಿ ಕುಡಿಯೋ ಮನೆತನ ನಮ್ದು. ಉಸಿರನ್ನೂ ಎತ್ತೇ ಊದ್ತೀನಿ.

ಗೊಂಬೆಯನ್ನು ಪಾರ್ಕಿಗೆ ಸಾಗಿಸಲು ಬಂದಿದ್ದ ಪಂಚರ್ ಅಂಗಡಿಯ ದ್ಯಾವಪ್ಪ ಬಾಗಿಲಲ್ಲೇ ನಿಂತು ಕೆಮ್ಮಿದ.

ದ್ಯಾವಪ್ಪ: ಸಾ, ಒಂದ್ ಮಾತ್ ಯೋಳ್ಲಾ? ಪಂಪಿನ ಪೈಪು ಟ್ಯೂಬಿನ ಮೂತಿಗೆ ಕಚ್ಚಿಸ್ದೆ ಗಾಳಿ ಹೊಡುದ್ರೆ ಟ್ಯೂಬು ಊದ್ಕಂತದಾ?

ಪರಮಶಿವಯ್ಯ: ಇದು ಟ್ಯೂಬಲ್ಲಯ್ಯಾ, ಮನುಷ್ಯ.

ದ್ಯಾವಪ್ಪ: ಮನುಷ್ಯ ಆದ್ರೂ ಗಾಳಿ ಗಾಳಿನೇ ಅಲ್ವಾ ಸಾ? ಬಾಯಿಗ್ ಬಾಯಿ ಬಿಗಿಯಾಗ್ ಕೂರ್ಬೇಕು. ಮೂಗೂ ಹಿಡ್ಕಳಿ. ಮೂಗು ಬುಟ್ರೆ ಅದೇ ಪಂಚರ್ರು.

ಶಿವರುದ್ರಮ್ಮ: ನೋಡಿ, ಸರ್ಟಿಫಿಕೇಟ್ ಇಲ್ದೋನಿಗೆ ಗೊತ್ತು!

ಪರಮಶಿವಯ್ಯ: ಅದೆಲ್ಲ ಕೊನೇಲಿ. ಮೊದ್ಲು ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಆಮೇಲೆ ನನ್ನ ಪ್ರಾಸ್ತಾವಿಕ ನುಡಿ. ಅದಾದ್ಮೇಲೆ ಉಸಿರು.

ಶಿವರುದ್ರಮ್ಮ: ಅಷ್ಟೊತ್ತಿಗೆ ಬಿದ್ದೋನ ಶಿವಗಣಾರಾಧನೆ ಊಟಾನೂ ಮುಗಿದಿರುತ್ತೆ! 108ಕ್ಕೆ ಫೋನ್ ಮಾಡೋದು ಯಾವಾಗ?

ಪರಮಶಿವಯ್ಯ: ವಂದನಾರ್ಪಣೆಗೆ ಮುಂಚೆ.

ದ್ಯಾವಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಶಿವರುದ್ರಮ್ಮ ನಗಲಿಲ್ಲ.

ಶಿವರುದ್ರಮ್ಮ: ರೀ, ನಾನೇ ಅಡುಗೆಮನೇಲಿ ಬಿದ್ದು ಉಸಿರು ನಿಂತೋದ್ರೆ? ಆಗಲೂ ಗೇಣು ಮೇಲಿಂದಾನೇನಾ?

ಪರಮಶಿವಯ್ಯನವರು ಕನ್ನಡಕ ತೆಗೆದಿಟ್ಟು ಮಂಡಿಯೂರಿದರು. ಗೊಂಬೆಯ ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಕಣ್ಣು ಮುಚ್ಚಿಕೊಂಡು ಬಾಯಿಗೆ ಬಾಯಿ ಒತ್ತಿ ಊದಿದರು. ಎದೆ ಮೆಲ್ಲಗೆ ಎದ್ದಿತು. ಇನ್ನೊಮ್ಮೆ ಊದಿದರು. ಮತ್ತೆ ಎದ್ದಿತು.

ದ್ಯಾವಪ್ಪ: ಹಿಡೀತು ಸಾ, ಗಾಳಿ ಹಿಡೀತು!

ಪರಮಶಿವಯ್ಯ: (ಏದುಸಿರು ಬಿಡುತ್ತಾ) ಗೊಂಬೆ ಅಂತ ಊದ್ಲಿಲ್ಲ ಕಣೇ. ನೀನೇ ಬಿದ್ದಿದೀಯ ಅನ್ಕೊಂಡು ಊದ್ದೆ.

ಶಿವರುದ್ರಮ್ಮನ ಕಣ್ಣು ತುಂಬಿ ಬಂತು. ಸೆರಗಿನ ತುದಿ ಕಣ್ಣಿಗೆ ಮುಟ್ಟುವಷ್ಟರಲ್ಲಿ ಗಂಡ ಎದ್ದು ನಿಂತಾಗಿತ್ತು.

ಪರಮಶಿವಯ್ಯ: ಒಂದು ಚೊಂಬು ನೀರು ಕೊಡೇ, ಬೇಗ. ಬಾಯಿ ಮುಕ್ಕಳಿಸ್ಬೇಕು.

ಶಿವರುದ್ರಮ್ಮ: ಯಾಕ್ರೀ? ಬಿದ್ದಿದ್ದು ನಾನಲ್ವಾ?