ಬ್ಯಾಂಡಿನ ನಡುವೆ ಒಬ್ಬ ಅಪ್ಪ

ಆ ವರ್ಷ ಸಿಂಗಪುರದಲ್ಲಿ ಎಲ್ಲರಿಗೂ ಕೈತುಂಬ ಕೆಲಸವಿತ್ತು. ನಮ್ಮ ಕಂಪನಿಯೂ ಖುಷಿಯಾಗಿ ಬೋನಸ್ ಕೊಟ್ಟಿತು, ನಾನು ಅಷ್ಟೇ ಖುಷಿಯಾಗಿ ಒಂದು ವಿಡಿಯೊ ಕ್ಯಾಮೆರಾ ಕೊಂಡೆ. ಪಕ್ಕಕ್ಕೆ ತೆರೆದುಕೊಳ್ಳುವ ಪುಟ್ಟ ಪರದೆಯಿದ್ದ, ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾ. ಜುರಾಂಗ್ ಈಸ್ಟ್‌ನ ಆಫೀಸಿನಲ್ಲಿ ಕ್ರೇನುಗಳ ವಿನ್ಯಾಸ ಮಾಡುವ ಇಂಜಿನಿಯರ್ ನಾನು. ಇಂಥ ಆಟಿಕೆಗೆ ಕೈಪಿಡಿ ಓದುವುದು ನನ್ನ ವೃತ್ತಿಗೇ ಅವಮಾನವೆಂದು ತೀರ್ಮಾನಿಸಿದೆ.

ಕ್ಯಾಮೆರಾಕ್ಕೆ ತಕ್ಕ ಸಂದರ್ಭವೂ ಒದಗಿತು. ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಸಿಂಚನಾ ಶಾಲೆಯ ಮಿಲಿಟರಿ ಬ್ಯಾಂಡಿಗೆ ಡ್ರಮ್ ಮೇಜರ್ ಆಗಿ ಆಯ್ಕೆಯಾದಳು. ಡ್ರಮ್ ಮೇಜರ್ ಅಂದರೆ ಡ್ರಮ್ ಬಾರಿಸುವವಳಲ್ಲ. ತುದಿಯಲ್ಲಿ ಬೆಳ್ಳಿಯ ಗುಂಡಿರುವ ಉದ್ದದ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವಳು. ಆ ಕೋಲು ಎದ್ದರೆ ಬ್ಯಾಂಡು ನುಡಿಸಬೇಕು, ತಿರುಗಿದರೆ ತಿರುಗಬೇಕು, ಇಳಿದರೆ ನಿಲ್ಲಬೇಕು. ಮನೆಯಲ್ಲಿ ಸಾಕ್ಸ್ ಎಲ್ಲಿದೆ ಎಂದು ದಿನಾ ಅಮ್ಮನನ್ನು ಕೇಳುವ ಹುಡುಗಿಯ ಕೈಗೆ ಇಷ್ಟು ದೊಡ್ಡ ಅಧಿಕಾರ! ಯಿಶುನ್‌ನ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ಕಿನ ಖಾಲಿ ಜಾಗದಲ್ಲಿ, ನೆಲ ಒರೆಸುವ ಮಾಪ್ ಕೋಲು ಹಿಡಿದು ಅವಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳು. ಅಷ್ಟು ದಿನ ನಮ್ಮ ಮನೆಯ ನೆಲವನ್ನು ಬಗ್ಗಿಯೇ ಒರೆಸಬೇಕಾಯಿತು.

ಅವಳು ಮೊದಲ ಬಾರಿ ಬ್ಯಾಂಡನ್ನು ಮುನ್ನಡೆಸಬೇಕಾಗಿದ್ದುದು ಶಾಲೆಗಳ ನಡುವಿನ ಫುಟ್‌ಬಾಲ್ ಫೈನಲ್ ಪಂದ್ಯದ ಮಧ್ಯಂತರದಲ್ಲಿ. ಎರಡೂ ಶಾಲೆಗಳ ಮಕ್ಕಳು, ಹೆತ್ತವರು, ಮುಖ್ಯ ಅತಿಥಿಗಳು, ಎಲ್ಲರೂ ನೋಡುವ ಹೊತ್ತು. ಹೊರಡುವ ಮುಂಚೆ ಅವಳು ನನ್ನನ್ನು ಸೋಫಾದ ಮೇಲೆ ಕೂರಿಸಿ ಮೆತ್ತಗೆ ಹೇಳಿದಳು:

"ಅಪ್ಪ, ಒಂದೇ ರಿಕ್ವೆಸ್ಟ್. ಸೀಟ್ ಬಿಟ್ಟು ಏಳಬೇಡ, ಪ್ಲೀಸ್."

ನಾನು ಮಾತು ಕೊಟ್ಟೆ. ಮನಸ್ಸಿನಲ್ಲಿ ಕಪಟವಿರಲಿಲ್ಲ.

ಸ್ಟೇಡಿಯಂನಲ್ಲಿ ನಾನೂ ನನ್ನ ಹೆಂಡತಿ ವಸುಧಾಳೂ ನಡುವಿನ ಸಾಲಿನಲ್ಲಿ ಕೂತೆವು. ಮೊದಲರ್ಧದಲ್ಲಿ ಯಾರು ಗೋಲು ಹೊಡೆದರೋ ನನಗೆ ತಿಳಿಯದು. ಕ್ಯಾಮೆರಾದ ಗಾಜು ಒರೆಸುವುದರಲ್ಲೇ ಇದ್ದೆ. ಮಧ್ಯಂತರದ ಸೀಟಿ ಊದಿದ ಮೇಲೆ ದೂರದ ಗೇಟಿನಿಂದ ಬ್ಯಾಂಡು ಒಳಗೆ ಬಂತು. ಬಿಳಿ ಕೋಟು, ಕಪ್ಪು ಪ್ಯಾಂಟು, ತಲೆಯ ಮೇಲೆ ಗರಿಯ ಟೋಪಿ. ಹಿತ್ತಾಳೆಯ ವಾದ್ಯಗಳ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸಿತು. ಎಲ್ಲರ ಮುಂದೆ ನನ್ನ ಮಗಳು. ಕ್ಯಾಮೆರಾದ ಪರದೆಯಲ್ಲಿ ಮಾತ್ರ ಅವಳು ಸಾಸಿವೆಕಾಳಿನಷ್ಟಿದ್ದಳು.

ಮೈಸೂರಿನಲ್ಲಿರುವ ಅತ್ತೆಯವರಿಗೆ ಮೊಮ್ಮಗಳ ಬದಲು ಸಾಸಿವೆ ತೋರಿಸುವುದೇ? ಸ್ವಲ್ಪ ಮುಂದೆ ಹೋಗಿ ಬರುತ್ತೇನೆಂದು ಎದ್ದೆ. ವಸುಧಾ ನನ್ನ ಅಂಗಿ ಹಿಡಿದೆಳೆದಳು. ಹೊಸ ಅಂಗಿ, ಜಾರಿತು.

ಮೆಟ್ಟಿಲಿಳಿದು ಬೇಲಿಯ ಹತ್ತಿರ ಬಂದೆ. ಬೇಲಿಯಲ್ಲೊಂದು ಬಾಗಿಲು ತೆರೆದಿತ್ತು. ತೆರೆದ ಬಾಗಿಲನ್ನು ಆಹ್ವಾನವೆಂದು ತಿಳಿಯುವುದು ನನ್ನ ಸ್ವಭಾವ. ಮೈದಾನಕ್ಕೆ ಕಾಲಿಟ್ಟು, ಮಗಳಿಗೆದುರಾಗಿ ನಿಂತು, ಪರದೆಯ ಮೇಲೆ ಕಣ್ಣಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದೆ. ಈಗ ಅವಳ ಮುಖ ಪರದೆ ತುಂಬ ಕಾಣುತ್ತಿತ್ತು. ಅವಳ ಕಣ್ಣು ಒಮ್ಮೆ ದೊಡ್ಡದಾಗಿದ್ದನ್ನೂ ಕಂಡೆ. ಸಂತೋಷಕ್ಕೆಂದು ಭಾವಿಸಿದೆ!

ಆಗ ಅವಳು ಕೋಲೆತ್ತಿ ತಿರುಗಿಸಿ, ತಾನೂ ಹಿಂದಕ್ಕೆ ತಿರುಗಿ, ಎದುರು ಬರುತ್ತಿದ್ದ ಸಾಲುಗಳ ನಡುವೆಯೇ ನಡೆದುಹೋದಳು. ನಾನು ಪರದೆ ನೋಡುತ್ತಲೇ ಅವಳ ಬೆನ್ನು ಹಿಡಿದೆ. ಒಂದೊಂದು ಸಾಲೂ ಹಾಗೇ ತಿರುಗಿ ಇನ್ನೊಂದು ಸಾಲಿನ ಸಂದಿನಲ್ಲಿ ನುಸುಳಿಹೋಗುವುದು ಆ ಕವಾಯತಿನ ಸೊಗಸಂತೆ. ನನಗದು ತಿಳಿದದ್ದು ಟ್ರಾಂಬೋನಿನ ಉದ್ದ ಕೊಳವೆಯೊಂದು ನನ್ನ ಕಿವಿಯ ಪಕ್ಕದಲ್ಲಿ ಸುಯ್ಯೆಂದು ಬಂದುಹೋದಾಗ. ತಲೆಯೆತ್ತಿದೆ. ಎಡಕ್ಕೆ ಕ್ಲಾರಿನೆಟ್, ಬಲಕ್ಕೆ ತುತ್ತೂರಿ, ಹಿಂದೆ ಆನೆಮರಿಯಂಥ ದೊಡ್ಡ ಡ್ರಮ್. ನಾನು ಬ್ಯಾಂಡಿನ ನಟ್ಟನಡುವೆ ಇದ್ದೆ.

ಓಡೋಣವೆಂದು ಎಡಕ್ಕೆ ಹೆಜ್ಜೆಯಿಟ್ಟರೆ ಒಂದು ಸಾಲು ಬಂತು. ಬಲಕ್ಕಿಟ್ಟರೆ ಇನ್ನೊಂದು. ನನ್ನ ಪಕ್ಕದಲ್ಲಿ ದೊಡ್ಡ ಕಂಚಿನ ತಾಳ ಹಿಡಿದ ಹುಡುಗಿಯೊಬ್ಬಳು, ನೋಟವನ್ನು ನೇರವಾಗಿಯೇ ಇಟ್ಟು, ತುಟಿ ಅಲ್ಲಾಡಿಸದೆ ಸಿಂಗಪುರದ ಇಂಗ್ಲಿಷಿನಲ್ಲಿ ಅಂದಳು: "ಅಂಕಲ್, ಡೋಂಟ್ ಸ್ಟಾಪ್. ಫಾಲೋ ಮಿ ಲಾ."

ನಾನು ಫಾಲೋ ಮಾಡಿದೆ.

ಆಮೇಲೆ ನಡೆದದ್ದನ್ನು ನಾಚಿಕೆಯ ವಿಷಯವೆಂದು ಹೇಳಬೇಕು, ಆದರೆ ಹೇಳಲಾರೆ. ಆ ಮಕ್ಕಳಲ್ಲಿ ಒಬ್ಬರೂ ಸಾಲು ಮುರಿಯಲಿಲ್ಲ, ಒಬ್ಬರೂ ನಗಲಿಲ್ಲ, ಒಂದು ಸ್ವರವೂ ತಪ್ಪಲಿಲ್ಲ. ಹೊಳೆ ಬಂಡೆಯನ್ನು ಬಳಸಿಕೊಂಡು ಹರಿಯುವಂತೆ ನನ್ನ ಎರಡೂ ಬದಿಯಿಂದ ಹಾದುಹೋಗಿ, ನನ್ನ ಮುಂದೆ ಮತ್ತೆ ಒಂದಾಗಿ, ದಾರ ಹಿಡಿದಷ್ಟು ನೇರವಾಗಿ ನಡೆದರು. ಡ್ರಮ್ಮಿನ ಒಂದೊಂದು ಪೆಟ್ಟೂ ನನ್ನ ಪಕ್ಕೆಲುಬಿನೊಳಗೆ ಬೀಳುತ್ತಿತ್ತು. ತುತ್ತೂರಿಗಳೆಲ್ಲ ಒಟ್ಟಿಗೆ ಎದ್ದಾಗ ಮೈ ಜುಮ್ಮೆಂದು ಕಣ್ಣು ತುಂಬಿತು. ಅಷ್ಟೆಲ್ಲ ಸದ್ದಿನ ಮುಂದೆ ನನ್ನ ಮಗಳು, ಅಪ್ಪ ಸೈನ್ಯದೊಳಗೆ ನುಗ್ಗಿದ್ದಾನೆಂದು ಗೊತ್ತಿದ್ದೂ ಕತ್ತು ತಿರುಗಿಸದೆ, ಕೋಲನ್ನು ಮೇಲಕ್ಕೆಸೆದು ಹಿಡಿದಳು. ಸ್ಟೇಡಿಯಂ ಹೋ ಎಂದಿತು. ನಾನೂ ಹೋ ಎಂದೆ. ಅದು ನಿಯಮಬಾಹಿರ ಇರಬೇಕು.

ಮುಖ್ಯ ಅತಿಥಿಗಳ ಎದುರು ಕೋಲಿಳಿಯಿತು. ಬ್ಯಾಂಡು ನಿಂತಿತು. ನಾನು ಇನ್ನೊಂದು ಹೆಜ್ಜೆ ಹೋಗಿ ನಿಂತೆ. ಹೂಹೂವಿನ ಅಂಗಿ, ಮೊಣಕಾಲುದ್ದದ ಚಡ್ಡಿ, ಬಾತ್‌ರೂಮ್ ಚಪ್ಪಲಿಯಲ್ಲಿ ಸಾವಧಾನ ಸ್ಥಿತಿಯಲ್ಲಿ ನಿಂತ ನನ್ನನ್ನು ನೋಡಿ ಅತಿಥಿಗಳು ಗಂಭೀರವಾಗಿ ಸೆಲ್ಯೂಟ್ ಸ್ವೀಕರಿಸಿದರು.

ಹೊರಗೆ ಬಂದಮೇಲೆ, ಸೈನ್ಯದಿಂದ ನಿವೃತ್ತರಾಗಿದ್ದ ಬ್ಯಾಂಡ್ ಶಿಕ್ಷಕರು ನನ್ನ ಚಪ್ಪಲಿಯನ್ನು ಬಹಳ ಹೊತ್ತು ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಮಗಳ ಬೆನ್ನು ಒಂದಿಷ್ಟು, ಉಳಿದದ್ದೆಲ್ಲ ಹುಲ್ಲು. ವಸುಧಾ ನನ್ನ ಪಕ್ಕದಲ್ಲಿ ನಿಂತಿದ್ದಳು, ಆದರೆ ಗುರುತಿಲ್ಲದವಳ ಹಾಗೆ.

ಕೊನೆಗೆ ಸಿಂಚನಾ ಬಂದಳು. ಟೋಪಿ ತೆಗೆದಿದ್ದಳು. ಬೆವರಿಗೆ ಕೂದಲು ಹಣೆಗಂಟಿತ್ತು. ನಾನು ಕ್ಷಮೆಯ ಭಾಷಣವನ್ನು ಶುರುಮಾಡುವಷ್ಟರಲ್ಲಿ ಅವಳೇ ಅಂದಳು:

"ಒಳಗೆ ಬಂದಿದ್ದು ಹೋಗ್ಲಿ ಅಪ್ಪ. ಬ್ಯಾಂಡ್ ಪೂರ್ತಿ ಲೆಫ್ಟ್ ಹಾಕ್ತಿದ್ರೆ ನೀನೊಬ್ಬನೇ ರೈಟ್ ಹಾಕ್ತಿದ್ಯಲ್ಲ. ಅದು ಮಾತ್ರ ತುಂಬ ಬೇಜಾರಾಯ್ತು."

"ನಿಂಗೆ ಹೇಗೆ ಗೊತ್ತು? ನೀನು ತಿರುಗಿ ನೋಡಲೇ ಇಲ್ಲ."

"ಕೇಳಿಸ್ತಿತ್ತು. ಚಪ್ಪಲಿ."

ಮುಂದಿನ ಭಾನುವಾರ ಬೆಳಿಗ್ಗೆ ನನ್ನನ್ನು ವಾಯ್ಡ್ ಡೆಕ್ಕಿಗೆ ಕರೆದೊಯ್ದು ಎಡಗಾಲು, ಬಲಗಾಲು ಕಲಿಸಿದಳು. ಕ್ರೇನುಗಳ ತೂಕ ಲೆಕ್ಕ ಹಾಕುವ ತಲೆಗೆ ಎಡ ಯಾವುದೆಂದು ಹೊಳೆಯುವಷ್ಟರಲ್ಲಿ ಬಲ ಬಂದುಬಿಡುತ್ತಿತ್ತು. ದೋಸೆ ಆರುತ್ತಿದೆ ಎಂದು ಕರೆಯಲು ಬಂದ ವಸುಧಾ ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು, ಮಗಳ ಪಕ್ಕದಲ್ಲಿ ನಡೆದಳು. ಮೊದಲ ಸಲಕ್ಕೇ ಸರಿಯಾಯಿತು. ತಾಯಿ ಮಗಳು ಹಾಗೇ ಕೈ ಬೀಸುತ್ತ ಲಿಫ್ಟಿನತ್ತ ಹೊರಟರು. ಇಬ್ಬರ ಎಡಗಾಲೂ ಒಟ್ಟಿಗೇ ಒಳಗೆ ಬಿದ್ದವು. ಯಾವ ಕಾಲು ಮುಂದಿಡಲಿ ಎಂದು ಯೋಚಿಸುತ್ತ ನಾನು ಹೊರಗೇ ಉಳಿದೆ. ಬಾಗಿಲು ಮುಚ್ಚಿತು.